ಪಿಸ್ತೂಲು ಕಲಿಯಲು ಯಾವ ವಿಡಿಯೋ ನೋಡಬೇಕು? ಟೆಕ್ಸಾಸ್ ಕಡೆಯವರು ಹೇಳಿ

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗ ಇರುವುದು ಡಲ್ಲಾಸ್ ಪಕ್ಕ. ಬಂದು 15 ವರ್ಷ ಆಯಿತು, ಹೋದ ವರ್ಷ ಕೊನೆಗೂ ಗ್ರೀನ್ ಕಾರ್ಡ್ ಕೈಗೆ ಬಂತು. ಹೋದ ತಿಂಗಳು ನಮ್ಮ ಬೀದಿಯ ಕೊನೆ ಮನೆಗೆ ರಾತ್ರಿ ಯಾರೋ ಹಿಂಬಾಗಿಲು ಒದ್ದು ನುಗ್ಗಿದರು. ಮನೆಯವರು ಊರಲ್ಲಿರಲಿಲ್ಲ, ಬಚಾವ್. ಅವತ್ತಿನಿಂದ ನನ್ನ ಹೆಂಡತಿಗೆ ಸರಿಯಾಗಿ ನಿದ್ದೆ ಇಲ್ಲ. ಒಂದು ಪಿಸ್ತೂಲು ತೆಗೆದುಕೊಳ್ಳೋಣ ಅಂತ ಅವಳೇ ಹೇಳಿದಳು. ನನಗೆ ದೀಪಾವಳಿಯ ಪಿಸ್ತೂಲು ಬಿಟ್ಟರೆ ಬೇರೆ ಅನುಭವ ಇಲ್ಲ.

ಕೊಳ್ಳುವ ಮೊದಲು ಕಲಿಯೋಣ ಅಂತ ನಾಲ್ಕು ರಾತ್ರಿ ಯೂಟ್ಯೂಬ್ ಮುಂದೆ ಕೂತೆ. ತಲೆ ಕೆಟ್ಟಿತು. ಒಬ್ಬ ಹೆಬ್ಬೆರಳು ಮುಂದಕ್ಕೆ ಇಡಿ ಅನ್ನುತ್ತಾನೆ, ಇನ್ನೊಬ್ಬ ಒಂದರ ಮೇಲೊಂದು ಇಡಿ ಅನ್ನುತ್ತಾನೆ. ಒಬ್ಬ ಎದೆ ನೇರ ನಿಲ್ಲು, ಇನ್ನೊಬ್ಬ ಓರೆ ನಿಲ್ಲು. ಒಬ್ಬನಂತೂ ಗಡ್ಡ, ಕಪ್ಪು ಕನ್ನಡಕ, ಹಿಂದೆ ಡೋಲು ಸಂಗೀತ, ಉರುಳಿ ಉರುಳಿ ಹೊಡೆಯುತ್ತಾನೆ. ನನಗೆ ಬೆನ್ನುನೋವು ಬೇರೆ. ದುಡ್ಡು ಕೊಟ್ಟು ಕೊಳ್ಳುವ ಕೋರ್ಸುಗಳೂ ಬೇಕಾದಷ್ಟಿವೆ. ಯಾವುದನ್ನು ನಂಬಲಿ? ಮನೆಯಲ್ಲಿ 7 ವರ್ಷದ ಮಗಳಿದ್ದಾಳೆ, ಅದನ್ನೂ ಮನಸ್ಸಲ್ಲಿಟ್ಟುಕೊಂಡು ಹೇಳಿ.

ಹುಬ್ಬಳ್ಳಿ_ಹುಡುಗ:
ಒಳ್ಳೆ ಪ್ರಶ್ನೆ ಅಣ್ಣಾ. ನಾನೂ ಇದನ್ನೇ ಹುಡುಕುತ್ತಿದ್ದೆ. ನಾನು ಎಚ್-1ಬಿ, ಅಂದರೆ ಕೆಲಸದ ವೀಸಾದಲ್ಲಿ ಇರುವವನು. ಆಫೀಸಿನ ಗೆಳೆಯ ಈ ಶನಿವಾರ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ಗೆ ಕರೆದಿದ್ದಾನೆ, ಗನ್ ಅವನದೇ. ಹೋಗುವ ಮೊದಲು ಒಂದೆರಡು ವಿಡಿಯೋ ನೋಡಿದರೆ ಸಾಕಲ್ವಾ?

ರಾಗಿಮುದ್ದೆ_ಸ್ಯಾನ್‌ಆಂಟೋನಿಯೋ:
ತಮ್ಮಾ, ಶನಿವಾರದ ಪ್ರೋಗ್ರಾಂ ಸದ್ಯಕ್ಕೆ ಬಿಡು. ಎಚ್-1ಬಿ, ಎಚ್-4, ಎಫ್-1, ಬಿ ವೀಸಾ, ಇವೆಲ್ಲ ನಾನ್-ಇಮಿಗ್ರಂಟ್ ವೀಸಾ, ಅಂದರೆ ತಾತ್ಕಾಲಿಕವಾಗಿ ಇರಲು ಕೊಡುವ ವೀಸಾ. ಈ ವೀಸಾದಲ್ಲಿ ಬಂದವರ ಹತ್ತಿರ ಬಂದೂಕಾಗಲಿ ಗುಂಡಾಗಲಿ ಇರುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಶೀರ್ಷಿಕೆ 18, ಸೆಕ್ಷನ್ 922(ಜಿ)(5). ಟೆಕ್ಸಾಸ್ ಎಷ್ಟೇ ಸಡಿಲವಾಗಿರಲಿ, ಇದು ಇಡೀ ದೇಶಕ್ಕೆ ಅನ್ವಯ. ‘ಗನ್ ನಂದಲ್ಲ, ಗೆಳೆಯಂದು’ ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕೈಯಲ್ಲಿ ಹಿಡಿದರೂ ‘ಹೊಂದಿರುವುದು’ ಆಗಬಹುದು.

ರೆಹೈಫ್ ಅನ್ನುವವನ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಓದಲು ಬಂದವನು, ವಿಶ್ವವಿದ್ಯಾಲಯದವರು ಹೊರಗೆ ಹಾಕಿದ ಮೇಲೂ ಇಲ್ಲೇ ಉಳಿದ. ಫ್ಲಾರಿಡಾದ ಒಂದು ರೇಂಜ್‌ನಲ್ಲಿ ಗುಂಡು ಹೊಡೆದ. ಅಷ್ಟಕ್ಕೇ 18 ತಿಂಗಳ ಶಿಕ್ಷೆ ಆಯಿತು. ತನ್ನ ವೀಸಾ ಸ್ಟೇಟಸ್ ಏನು, ಅಂದರೆ ಇಲ್ಲಿರಲು ಅನುಮತಿ ಇದೆಯೋ ಇಲ್ಲವೋ ಅಂತ ಅವನಿಗೆ ಗೊತ್ತಿತ್ತು ಎಂದು ಸರ್ಕಾರ ಸಾಬೀತು ಮಾಡಬೇಕು ಅಂತ 2019ರಲ್ಲಿ ಕೋರ್ಟ್ ಹೇಳಿತು, ಅದು ಬೇರೆ ಮಾತು. ಅವನದು ಸ್ಟೇಟಸ್ ಮುಗಿದವನ ಕಥೆ, ನಿನ್ನದು ಹಾಗಲ್ಲ. ಆದರೆ ರೇಂಜ್‌ನಲ್ಲಿ ಹೊಡೆದದ್ದೇ ಕೇಸಿಗೆ ಸಾಕಾಯಿತು ನೋಡು.

ಒಂದು ವಿನಾಯಿತಿ ಇದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧ ತಾಗುವುದಿಲ್ಲ. ಅದನ್ನೂ ವಕೀಲರ ಹತ್ತಿರ ಕೇಳಿ ಮಾಡು, ಯೂಟ್ಯೂಬ್ ಕೇಳಿ ಅಲ್ಲ. ಗ್ರೀನ್ ಕಾರ್ಡ್ ಆದವರಿಗೆ ಈ ತೊಡಕಿಲ್ಲ.

ಹುಬ್ಬಳ್ಳಿ_ಹುಡುಗ:
ಅಯ್ಯೋ ದೇವರೇ. ನಾನು ನೋಡಿದ ಒಂದು ವಿಡಿಯೋದಲ್ಲೂ ಈ ಮಾತು ಬರಲಿಲ್ಲ.

ರಾಗಿಮುದ್ದೆ_ಸ್ಯಾನ್‌ಆಂಟೋನಿಯೋ:
ಹೇಗೆ ಬರುತ್ತದೆ? ಅವರು ಹುಟ್ಟಿದಾಗಿನಿಂದ ಇಲ್ಲೇ ಇರುವವರಿಗೆ ಮಾಡಿದ ವಿಡಿಯೋ ಅದು.

ಮಲೆನಾಡಮ್ಮ:
ನಾನು ಆಸ್ಟಿನ್‌ನಲ್ಲಿ ಇದ್ದೇನೆ. ವಾರವೆಲ್ಲಾ ಸಾಫ್ಟ್‌ವೇರ್ ಟೆಸ್ಟಿಂಗ್, ಶನಿವಾರ ಭಾನುವಾರ ಹೊಸಬರಿಗೆ ಪಿಸ್ತೂಲು ಹೇಳಿಕೊಡುತ್ತೇನೆ. ಬೆಣ್ಣೆದೋಸೆಯವರೇ, ನಿಮಗೆ ವಿಡಿಯೋ ಹೆಸರು ಹೇಳುವ ಬದಲು ಆರಿಸುವುದು ಹೇಗೆ ಅಂತ ಹೇಳುತ್ತೇನೆ. ಚಾನೆಲ್‌ಗಳು ಬರುತ್ತವೆ, ಹೋಗುತ್ತವೆ.

ಮೊದಲ ಎರಡು ನಿಮಿಷ ಸೌಂಡ್ ಆಫ್ ಮಾಡಿ ನೋಡಿ. ಬರೀ ಅವನ ಕೈ ನೋಡಿ. ಪಿಸ್ತೂಲು ಎತ್ತಿಕೊಂಡ ತಕ್ಷಣ ಖಾಲಿ ಇದೆಯಾ ಅಂತ ಪರೀಕ್ಷೆ ಮಾಡಿದನಾ? ಮಾತಾಡುವಾಗ ಬೆರಳು ಎಲ್ಲಿದೆ? ಟ್ರಿಗರ್ ಮೇಲೋ, ಹೊರಗೆ ಚೌಕಟ್ಟಿನ ಮೇಲೆ ನೆಟ್ಟಗೋ? ನಳಿಗೆಯ ಬಾಯಿ ತನ್ನ ಎಡಗೈ ಮೇಲೋ, ಕ್ಯಾಮೆರಾ ಹಿಡಿದವನ ಮೇಲೋ ಹಾಯಿತಾ? ಜೆಫ್ ಕೂಪರ್ ಅಂತ ಒಬ್ಬರಿದ್ದರು, 1976ರಲ್ಲಿ ಅರಿಜೋನಾದಲ್ಲಿ ಈಗಿನ ಗನ್‌ಸೈಟ್ ಶಾಲೆ ಶುರು ಮಾಡಿದವರು. ಅವರ ನಾಲ್ಕು ನಿಯಮ ಇಲ್ಲಿ ಎಲ್ಲರ ಬಾಯಲ್ಲೂ ಇವೆ. ಪ್ರತಿ ಬಂದೂಕಿನಲ್ಲೂ ಗುಂಡಿದೆ ಅಂತಲೇ ತಿಳಿ. ನಾಶ ಆದರೂ ಪರವಾಗಿಲ್ಲ ಅನ್ನಿಸದ ಯಾವುದರ ಮೇಲೂ ನಳಿಗೆ ತಿರುಗಿಸಬೇಡ. ಗುರಿ ಕೂಡುವವರೆಗೆ ಬೆರಳು ಹೊರಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ, ಎರಡೂ ಗೊತ್ತಿರಲಿ. ಬಾಯಲ್ಲಿ ಈ ನಾಲ್ಕನ್ನೂ ಹೇಳಿ, ಕೈಯಲ್ಲಿ ಮುರಿಯುವವರು ಬಹಳ ಇದ್ದಾರೆ. ಅಂಥವರ ವಿಡಿಯೋ ಅಲ್ಲಿಗೇ ಮುಚ್ಚಿ.

ನಾಲ್ಕನೆಯದು ನಮ್ಮವರಿಗೆ ಜಾಸ್ತಿ ಮುಖ್ಯ. ನಾವು ಇಟ್ಟಿಗೆ ಗೋಡೆ ನೋಡಿ ಬೆಳೆದವರು. ಇಲ್ಲಿನ ಒಳಗೋಡೆ ಅಂದರೆ ಮರದ ಕಂಬಗಳಿಗೆ ಎರಡೂ ಕಡೆ ಹೊಡೆದ ಜಿಪ್ಸಮ್ ಹಲಗೆ. ಪಿಸ್ತೂಲಿನ ಗುಂಡು ಅಂಥ ಗೋಡೆ ಒಂದಲ್ಲ, ಎರಡು ಮೂರನ್ನು ದಾಟಿ ಹೋಗಬಲ್ಲದು. ನಿಮ್ಮ ಮಗಳ ಕೋಣೆ ಯಾವ ಕಡೆ ಇದೆ ಅಂತ ಈಗಲೇ ಯೋಚಿಸಿ. ‘ಮನೆ ರಕ್ಷಣೆ’ ಅಂತ ಹೆಸರಿಟ್ಟು ಗೋಡೆಯ ಮಾತೇ ಎತ್ತದ ವಿಡಿಯೋ ದಂಡ.

ಆಮೇಲೆ ವಿಡಿಯೋ ಯಾವ ಗನ್ನಿಗೆ ಮಾಡಿದ್ದು ಅಂತ ನೋಡಿ. ನೀವು ಹೇಳಿದ ಹೆಬ್ಬೆರಳ ಜಗಳ ಇದೆಯಲ್ಲ, ಅರ್ಧ ಇಲ್ಲೇ ಬಗೆಹರಿಯುತ್ತದೆ. ಸೆಮಿ-ಆಟೋಮ್ಯಾಟಿಕ್ (ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ) ಪಿಸ್ತೂಲಿಗೆ ಎರಡೂ ಹೆಬ್ಬೆರಳು ಒಂದೇ ಪಕ್ಕದಲ್ಲಿ ಮುಂದಕ್ಕೆ ಚಾಚಿರಬೇಕು. ಅದೇ ಹಿಡಿತ ರಿವಾಲ್ವರ್‌ಗೆ ಮಾಡಿದರೆ ಬೆರಳು ಉರುಳೆಯ (ಗುಂಡು ತುಂಬುವ, ತಿರುಗುವ ಭಾಗ) ಮುಂದಿನ ಸಂದಿಗೆ ಹೋಗುತ್ತದೆ. ಅಲ್ಲಿಂದ ಸುಡುವ ಅನಿಲ ಚಿಮ್ಮುತ್ತದೆ, ಚರ್ಮ ಸುಟ್ಟು ಸೀಳುತ್ತದೆ. ಹಾಗಾಗಿ ರಿವಾಲ್ವರ್‌ನವರು ಹೆಬ್ಬೆರಳು ಮಡಚಿ ಕೆಳಗೆ ಇಡುತ್ತಾರೆ. ಇಬ್ಬರೂ ಹೇಳಿದ್ದು ಸರಿಯೇ, ಕೇಳಿದವರು ತಪ್ಪು ಗನ್ ಹಿಡಿದಿರುತ್ತಾರೆ ಅಷ್ಟೇ.

ಉರುಳುವವರ ಬಗ್ಗೆ: ನೀವು ಮಧ್ಯರಾತ್ರಿ ಲುಂಗಿಯಲ್ಲಿ, ಕನ್ನಡಕ ಹುಡುಕುತ್ತಾ ಏಳುವವರು. ಆ ವಿಡಿಯೋ ನಿಮಗೆ ಮಾಡಿದ್ದಲ್ಲ.

ಗುರಿಕಾರ:
ಮಲೆನಾಡಮ್ಮನವರ ಮಾತಿಗೆ ಒಪ್ಪಿಗೆ. ಓರೆ ನಿಲ್ಲುವುದರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದು ವೀವರ್ ನಿಲುವು. ಲಾಸ್ ಏಂಜಲೀಸ್ ಕೌಂಟಿಯ ಪೊಲೀಸ್ ಜಾಕ್ ವೀವರ್ 1950ರ ದಶಕದಲ್ಲಿ ಸ್ಪರ್ಧೆಗಳಲ್ಲಿ ಎರಡೂ ಕೈ ಹಿಡಿದು, ಮುಂದಿನ ಮೊಣಕೈ ಮಡಚಿ ಹೊಡೆದು ಗೆದ್ದರು. ಕೂಪರ್ ಅದನ್ನು ಎಲ್ಲೆಡೆ ಹರಡಿದರು. ಈಗ ಹೆಚ್ಚಿನವರು ಎದೆ ನೇರ ನಿಂತು ಎರಡೂ ಕೈ ಸಮನಾಗಿ ಚಾಚುವುದನ್ನೇ ಕಲಿಸುತ್ತಾರೆ. ಓರೆ ನಿಂತರೆ ತಪ್ಪೇನಲ್ಲ, ವಿಡಿಯೋ ಹಳೆಯದು ಅಂತ ಗೊತ್ತಾಗುತ್ತದೆ. ಆದರೆ ಎಡಗೈಯನ್ನು ಟೀ ಸಾಸರ್ ಹಾಗೆ ಪಿಸ್ತೂಲಿನ ತಳಕ್ಕೆ ಹಿಡಿಯುವುದನ್ನು ಯಾರಾದರೂ ಕಲಿಸಿದರೆ ಬಿಟ್ಟುಬಿಡಿ. ಆ ಹಿಡಿತದಲ್ಲಿ ಗುಂಡು ಹಾರಿದಾಗ ಪಿಸ್ತೂಲು ಹಿಂದಕ್ಕೆ ಕೊಡುವ ಒದೆತ ತಡೆಯಲು ಆಗುವುದಿಲ್ಲ.

ನನ್ನ ಸಲಹೆ, ಸ್ಪರ್ಧೆಯವರ ವಿಡಿಯೋ ನೋಡಿ. ಗಡ್ಡದ ಕಮಾಂಡೋಗಳಿಗಿಂತ ಅವರು ಎಷ್ಟೋ ವಾಸಿ. ಗಡಿಯಾರ ಸುಳ್ಳು ಹೇಳುವುದಿಲ್ಲ. ಜೆರ್ರಿ ಮಿಕ್ಯುಲೆಕ್ 1999ರಲ್ಲಿ ರಿವಾಲ್ವರ್‌ನಿಂದ 6 ಗುಂಡು ಹೊಡೆದು, ಮತ್ತೆ ತುಂಬಿ, ಇನ್ನೂ 6 ಹೊಡೆದದ್ದು ಒಟ್ಟು 2.99 ಸೆಕೆಂಡಿನಲ್ಲಿ!

ಮಲೆನಾಡಮ್ಮ:
ಗುರಿಕಾರರೇ, ಮಿಕ್ಯುಲೆಕ್ ಅವರನ್ನು ನೋಡಲು ನನಗೂ ಖುಷಿ. ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ನೋಡಲೂ ಖುಷಿ. ನೋಡಿ ಕಲಿತವರು ಎಷ್ಟು ಜನ? ಇವರಿಗೆ ಈಗ ಬೇಕಿರುವುದು ವೇಗ ಅಲ್ಲ.

ಗುರಿಕಾರ:
ವೇಗಕ್ಕೆ ಹೇಳಲಿಲ್ಲ ಮೇಡಂ. ಟ್ರಿಗರ್ ಹೇಗೆ ಎಳೆಯುತ್ತಾರೆ, ಹಿಡಿತ ಹೇಗಿದೆ, ಅದಕ್ಕೆ ಹೇಳಿದೆ. ಸ್ಪರ್ಧೆಯವರೇ ಆದ ರಾಬ್ ಲೀಥಮ್ ಪಾಠ ಕೇಳಿ: ಗನ್ ಅಲ್ಲಾಡಿಸದೆ ಟ್ರಿಗರ್ ಎಳೆಯುವುದೊಂದು ಬಂದರೆ ಮುಕ್ಕಾಲು ಕೆಲಸ ಆಯಿತು ಅನ್ನುವ ಧಾಟಿ. ಅದಕ್ಕಿಂತ ಮೂಲಪಾಠ ಇನ್ನೇನಿದೆ?

ಮಲೆನಾಡಮ್ಮ:
ಆ ಪಾಠ ಒಪ್ಪಿದೆ. ಆದರೆ ಅದೇ ವ್ಯಕ್ತಿಯ ಹತ್ತು ವಿಡಿಯೋದಲ್ಲಿ ಎರಡು ಹೊಸಬರಿಗೆ, ಎಂಟು ಆಟಗಾರರಿಗೆ. ಹೊಸಬರು ಎಂಟನ್ನೇ ನೋಡುತ್ತಾರೆ, ಏಕೆಂದರೆ ಅದರಲ್ಲಿ ಢಂ ಢಂ ಜಾಸ್ತಿ.

ಹೂಸ್ಟನ್_ರಾಯರು:
ನಾನು 61ರ ಮುದುಕ. ಪಿಸ್ತೂಲನ್ನು ಪೂರ್ತಿ ವಿಡಿಯೋ ನೋಡಿಯೇ ಕಲಿತವನು. ಏನಾಯಿತು ಕೇಳಿ.

ಮೊದಲ ದಿನ ರೇಂಜ್‌ನಲ್ಲಿ ಎಡ ಹೆಬ್ಬೆರಳನ್ನು ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದೆ ಇಟ್ಟಿದ್ದೆ. ವಿಡಿಯೋದಲ್ಲಿ ಮುಂದಿನಿಂದ ತೋರಿಸಿದ್ದರು, ಹಿಂದಿನಿಂದ ಹೇಗೆ ಕಾಣುತ್ತದೆ ಅಂತ ತೋರಿಸಿರಲಿಲ್ಲ. ಮೊದಲ ಗುಂಡಿಗೇ ಸ್ಲೈಡ್ ಹಿಂದೆ ಬಂದು ಚರ್ಮ ಕಿತ್ತುಕೊಂಡು ಹೋಯಿತು. ಮನೆಯವಳಿಗೆ ಕಾರಿನ ಬಾಗಿಲಿಗೆ ಸಿಕ್ಕಿತು ಅಂತ ಹೇಳಿದೆ.

ಎರಡನೆಯದನ್ನು ಹೇಳಲು ಈಗಲೂ ನಾಚಿಕೆ. ಖಾಲಿ ಮಾಡುವಾಗ ಮೊದಲು ಸ್ಲೈಡ್ ಎಳೆದೆ, ಗುಂಡು ಹೊರಗೆ ಬಿತ್ತು. ಆಮೇಲೆ ಗುಂಡುಗಳಿರುವ ಮ್ಯಾಗಜೀನ್ ತೆಗೆದೆ. ಖಾಲಿ ಆಯಿತು ಅಂದುಕೊಂಡೆ. ಕ್ರಮ ಉಲ್ಟಾ ಆದರೆ, ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಜೀನಿನಿಂದ ಇನ್ನೊಂದು ಗುಂಡನ್ನು ಒಳಗೆ ತಳ್ಳಿರುತ್ತದೆ. ಮೊದಲು ಮ್ಯಾಗಜೀನ್, ಆಮೇಲೆ ಸ್ಲೈಡ್. ಕಡೆಗೆ ಕಣ್ಣಿನಿಂದಲೂ ಬೆರಳಿನಿಂದಲೂ ಒಳಗೆ ನೋಡಬೇಕು. ನನಗೆ ಇದು ಗೊತ್ತಿತ್ತು ಸ್ವಾಮಿ, ಹತ್ತು ಸಲ ನೋಡಿದ್ದೆ! ಆದರೆ ಕೈಗೆ ಗೊತ್ತಿರಲಿಲ್ಲ. ಪಕ್ಕದ ಲೇನಿನಲ್ಲಿದ್ದ ಹುಡುಗಿಯೊಬ್ಬಳು ‘ಸರ್, ಒಂದು ನಿಮಿಷ’ ಅಂತ ತಡೆದಳು. ಇಲ್ಲದಿದ್ದರೆ ನಾನು ಆ ಪಿಸ್ತೂಲನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದೆ.

ವಿಡಿಯೋ ನಿಮ್ಮನ್ನು ನೋಡುವುದಿಲ್ಲ. ನೀವು ಮಾತ್ರ ಅದನ್ನು ನೋಡುತ್ತೀರಿ. ಒಂದು ದಿನದ ಕ್ಲಾಸ್ ಮೊದಲು, ವಿಡಿಯೋ ಆಮೇಲೆ.

ಕೊಡಗು_ಕಾಫಿ:
ರಾಯರ ಮಾತಿಗೆ ನೂರು ಅಂಕ. ನಮ್ಮ ಮನೆಯಲ್ಲಿ ಕೋವಿ ಇತ್ತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಬಂದೂಕು ಲೈಸೆನ್ಸ್ ವಿನಾಯಿತಿ ಇರುವುದು ನಿಮಗೆ ಗೊತ್ತೇ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಹೀಗೆ ಕೋವಿಯ ಸದ್ದು ಕೇಳಿಯೇ ಬೆಳೆದೆವು.

ಆದರೂ ಅಜ್ಜ ನನ್ನ ಕೈಗೆ ಕೋವಿ ಕೊಟ್ಟದ್ದು 14ಕ್ಕೆ. ಅದಕ್ಕೂ ಮೊದಲು ಎರಡು ವರ್ಷ ಬರೀ ಕೋಲು. ಕೋಲು ಹಿಡಿದು ತೋಟದಲ್ಲಿ ಹಿಂದೆ ನಡೆಯಬೇಕು. ಅದರ ತುದಿ ಒಮ್ಮೆ ಅಜ್ಜನ ಬೆನ್ನ ಕಡೆ ತಿರುಗಿದರೂ ಆ ದಿನದ ಪಾಠ ಮುಗೀತು, ಮನೆಗೆ ವಾಪಸ್. ಮಾತಿಲ್ಲ, ಬೈಗುಳವೂ ಇಲ್ಲ. ಯಾವ ವಿಡಿಯೋ ಹಾಗೆ ವಾಪಸ್ ಕಳಿಸುತ್ತದೆ ಹೇಳಿ?

ಮೈಸೂರು_ಮೇಷ್ಟ್ರು:
ಇದೆಲ್ಲಾ ಓದಿ ಎದೆ ಝಲ್ ಅಂತು. ಬಾಗಿಲಿಗೆ ಒಳ್ಳೆ ಚಿಲಕ, ಒಂದು ನಾಯಿ ಸಾಲದೇ? ಅಂದಹಾಗೆ ಕುತೂಹಲಕ್ಕೆ ಕೇಳುತ್ತೇನೆ, ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಅಂತ ಒಂದು ರಿವಾಲ್ವರ್ ಬಂದಿತ್ತಲ್ಲ?

ಕೊಡಗು_ಕಾಫಿ:
ನಿರ್ಭೀಕ್, ಮೇಷ್ಟ್ರೇ. 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ ಬಂತು. .32 ಬೋರ್, ತೂಕ ಅರ್ಧ ಕೆಜಿ ಆಸುಪಾಸು, ಬೆಲೆ ಆಗಲೇ 1.22 ಲಕ್ಷ ದಾಟಿತ್ತು. ಲೈಸೆನ್ಸ್ ಸಿಗಬೇಕಲ್ಲ! ಸಿಕ್ಕಿದರೂ ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡಿ ಅನ್ನುತ್ತಾರೆ. ಅಮೆರಿಕದ ವಿಡಿಯೋ ನೋಡಿ ಬೆಂಗಳೂರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಕನಸು ಯಾರಿಗಾದರೂ ಇದ್ದರೆ ಬಿಟ್ಟುಬಿಡಲಿ.

ಮಲೆನಾಡಮ್ಮ:
ಮೇಷ್ಟ್ರು ಹೇಳಿದ್ದನ್ನು ನಗಬೇಡಿ. ನನ್ನ ಕ್ಲಾಸಿನಲ್ಲಿ ಮೊದಲ ಅರ್ಧ ಗಂಟೆ ಚಿಲಕದ್ದೇ. ಬಾಗಿಲ ಚೌಕಟ್ಟಿಗೆ ಹೊಡೆದಿರುವ ಚಿಕ್ಕ ಸ್ಕ್ರೂ ತೆಗೆದು ಮೂರು ಇಂಚಿನದು ಹಾಕಿ, ಹಿತ್ತಲಿಗೆ ದೀಪ ಹಾಕಿ. ಒದ್ದರೂ ಬಾಗಿಲು ಬೇಗ ಬೀಳದಿದ್ದರೆ ತುರ್ತು ನಂಬರ್ 911ಗೆ ಫೋನ್ ಮಾಡಲು ಸಮಯ ಸಿಗುತ್ತದೆ.

ಈಗ ನಿಜವಾದ ಘಟನೆಗಳ ವಿಡಿಯೋ ಬಗ್ಗೆ. ಆ್ಯಕ್ಟಿವ್ ಸೆಲ್ಫ್ ಪ್ರೊಟೆಕ್ಷನ್ ಅನ್ನುವ ಚಾನೆಲ್‌ನಲ್ಲಿ ಜಾನ್ ಕೊರೇಯಾ ಅನ್ನುವವರು ಸಿಸಿಟಿವಿ ದೃಶ್ಯಗಳನ್ನು ಇಟ್ಟುಕೊಂಡು ಯಾರು ಏನು ಮಾಡಿದರು, ಯಾಕೆ ಉಳಿದರು ಅಂತ ವಿವರಿಸುತ್ತಾರೆ. ಅದರಿಂದ ಒಂದು ಉಪಯೋಗ ಇದೆ: ಎಲ್ಲವೂ ಎಷ್ಟು ಹತ್ತಿರದಲ್ಲಿ, ಎಷ್ಟು ಬೇಗ ಮುಗಿಯುತ್ತದೆ ಅಂತ ಗೊತ್ತಾಗುತ್ತದೆ. ಮೆಂಫಿಸ್‌ನಲ್ಲಿ ಕಲಿಸುತ್ತಿದ್ದ ಟಾಮ್ ಗಿವನ್ಸ್ ಕೂಡ ತಮ್ಮ ವಿದ್ಯಾರ್ಥಿಗಳಿಗೆ ಆದ 60ಕ್ಕೂ ಹೆಚ್ಚು ಘಟನೆ ಇಟ್ಟುಕೊಂಡು ಹೇಳುವುದು ಇದನ್ನೇ. ಬಹುಪಾಲು ಒಂದು ಕಾರಿನ ಉದ್ದದಷ್ಟು ದೂರ, ಅಷ್ಟೇ. ಹಾಗಾಗಿ 25 ಗಜದ ಗುರಿಕಾರಿಕೆ ವಿಡಿಯೋ ಸದ್ಯಕ್ಕೆ ಬೇಡ.

ಆದರೆ ದಿನಾ ರಾತ್ರಿ ಅದನ್ನೇ ನೋಡಬೇಡಿ. ನನ್ನ ಒಬ್ಬ ವಿದ್ಯಾರ್ಥಿನಿ ಎರಡು ತಿಂಗಳು ನೋಡಿ ಪೆಟ್ರೋಲ್ ಹಾಕಿಸಲು ಕಾರಿಂದ ಇಳಿಯಲೂ ಹೆದರುತ್ತಿದ್ದಳು. ನಿಮ್ಮ ಮನೆಯವರಿಗೆ ಈಗಲೇ ನಿದ್ದೆ ಇಲ್ಲ ಅಂದಿರಿ. ಅವರಿಗಂತೂ ತೋರಿಸಲೇಬೇಡಿ.

ಗುರಿಕಾರ:
‘21 ಅಡಿ ನಿಯಮ’ ಅನ್ನುವವರನ್ನೂ ಸ್ವಲ್ಪ ಅನುಮಾನದಿಂದ ನೋಡಿ. ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಡೆನ್ನಿಸ್ ಟುಲರ್ 1983ರಲ್ಲಿ ಬರೆದದ್ದು ಇಷ್ಟೇ: ಚಾಕು ಹಿಡಿದವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ, ಅಷ್ಟರಲ್ಲಿ ಗನ್ ಹೊರಗೆ ತೆಗೆಯುವುದೇ ಕಷ್ಟ. 21 ಅಡಿ ಒಳಗೆ ಬಂದರೆ ಹೊಡೆಯಬಹುದು ಅಂತ ಅವರು ಕಾನೂನು ಬರೆಯಲಿಲ್ಲ. ಎಷ್ಟೋ ವಿಡಿಯೋದಲ್ಲಿ ಅದನ್ನೇ ಕಾನೂನಿನ ಹಾಗೆ ಹೇಳುತ್ತಾರೆ.

ರಾಗಿಮುದ್ದೆ_ಸ್ಯಾನ್‌ಆಂಟೋನಿಯೋ:
ಕಾನೂನು ಅಂದಾಗ ನೆನಪಾಯಿತು. ದುಡ್ಡು ಕೊಟ್ಟು ಒಂದೇ ಒಂದು ಕೋರ್ಸ್ ತೆಗೆದುಕೊಳ್ಳುವುದಾದರೆ ಕಾನೂನಿನದ್ದು ತೆಗೆದುಕೊಳ್ಳಿ. ಹಿಡಿತ, ನಿಲುವು ಎಲ್ಲಾ ಪುಕ್ಕಟೆ ಸಿಗುತ್ತದೆ. ಮಸಾದ್ ಅಯೂಬ್ ಹೆಸರು ಕೇಳಿರಬಹುದು. 1981ರಲ್ಲಿ ತಮ್ಮ ಶಾಲೆ ಶುರು ಮಾಡಿದರು, ಕೋರ್ಟುಗಳಲ್ಲಿ ತಜ್ಞ ಸಾಕ್ಷಿಯಾಗಿ ನಿಂತವರು. ಅವರ 40 ಗಂಟೆಯ ಕೋರ್ಸಿನಲ್ಲಿ ಅರ್ಧ ಗುಂಡು ಹೊಡೆಯುವುದೇ ಅಲ್ಲ. ಯಾವಾಗ ಹೊಡೆಯಬಹುದು, ಯಾವಾಗ ಕೂಡದು, ಆಮೇಲೆ ಪೊಲೀಸರು ಬಂದಾಗ ಏನು ಹೇಳಬೇಕು, ಅಷ್ಟೇ.

ವಿಡಿಯೋ ಮಾಡಿದವನು ಯಾವ ರಾಜ್ಯದವನು ಅಂತಲೂ ನೋಡಿ. ಇಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ದಾಟಿದ, ಅರ್ಹತೆ ಇರುವವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಹೊತ್ತು ಓಡಾಡಬಹುದು. ನ್ಯೂಜೆರ್ಸಿಯಲ್ಲಿ ಹಾಗೆ ಮಾಡಿದರೆ ಜೈಲು. ಟೆಕ್ಸಾಸ್‌ನಲ್ಲಿ ರಾತ್ರಿ ಕಳ್ಳತನ ತಡೆಯಲೂ ಗುಂಡು ಹೊಡೆಯಬಹುದು ಅನ್ನುವ ಅರ್ಥದ ಒಂದು ಸೆಕ್ಷನ್ ಇದೆ, ಅದಕ್ಕೆ ಹತ್ತಾರು ಷರತ್ತು. ಷರತ್ತು ಬಿಟ್ಟು ಸೆಕ್ಷನ್ ಮಾತ್ರ ಹೇಳುವ ವಿಡಿಯೋಗಳಿಗೆ ಬರವಿಲ್ಲ. ಟಿವಿ ಕದ್ದು ಓಡುವವನ ಬೆನ್ನಿಗೆ ಹೊಡೆದು ಆಮೇಲೆ ವಕೀಲರಿಗೆ ಮನೆ ಮಾರುವುದು ಯಾರಿಗೆ ಬೇಕು?

ಲೈಸೆನ್ಸ್ ಕಡ್ಡಾಯ ಅಲ್ಲದಿದ್ದರೂ ಎಲ್‌ಟಿಸಿ, ಅಂದರೆ ಪಿಸ್ತೂಲು ಹೊತ್ತು ಓಡಾಡುವ ಲೈಸೆನ್ಸಿನ ಕ್ಲಾಸ್ ಮಾಡಿ. 4ರಿಂದ 6 ಗಂಟೆ ಪಾಠ. ಪರೀಕ್ಷೆಗೆ 50 ಗುಂಡು: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. 250ಕ್ಕೆ 175 ಬಂದರೆ ಪಾಸ್. ಕಷ್ಟ ಇಲ್ಲ.

ಕುಂದಾಪ್ರ_ಅಕ್ಕ:
ಹೆಂಗಸರ ಕಷ್ಟ ಯಾರೂ ಹೇಳಲೇ ಇಲ್ಲ ಮಾರಾಯ್ರೆ. ಎಲ್ಲಾ ವಿಡಿಯೋದಲ್ಲೂ ಜೀನ್ಸ್, ದಪ್ಪ ಬೆಲ್ಟ್, ಅದಕ್ಕೊಂದು ಹೋಲ್ಸ್ಟರ್. ಚೂಡಿದಾರಕ್ಕೆ ಎಲ್ಲಿ ಸಿಕ್ಕಿಸುವುದು? ಕೈಚೀಲದಲ್ಲಿ ಇಡಿ ಅಂದರು ಒಬ್ಬರು. ಕೈಚೀಲವನ್ನು ನಾನು ದೇವಸ್ಥಾನದಲ್ಲಿ, ಅಂಗಡಿಯಲ್ಲಿ ಮರೆತು ಬರುವವಳು. ಕಡೆಗೆ ಹೊರಗೆ ಒಯ್ಯುವುದೇ ಬೇಡ, ಮನೆಯ ಸೇಫಿನಲ್ಲಿ ಇರಲಿ ಅಂತ ತೀರ್ಮಾನ ಮಾಡಿದೆ. ಬೆಣ್ಣೆದೋಸೆಯವರೇ, ನಿಮ್ಮ ಮನೆಯವರನ್ನೂ ಕೂರಿಸಿಕೊಂಡು ಆರಿಸಿ. ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ಗನ್ ಇನ್ನೊಬ್ಬರಿಗೆ ಅಪಾಯ.

ಮಲೆನಾಡಮ್ಮ:
ಅಕ್ಕ ಸೇಫ್ ಅಂದರಲ್ಲ, ನಾನು ಕಾಯುತ್ತಿದ್ದದ್ದು ಅದಕ್ಕೇ. ಮೊದಲು ನೋಡಬೇಕಾದದ್ದು ಇಡುವ ಜಾಗದ ವಿಡಿಯೋ. ಯಾರೂ ಅದನ್ನು ನೋಡುವುದಿಲ್ಲ. ಟೆಕ್ಸಾಸ್‌ನಲ್ಲಿ 17ರ ಒಳಗಿನ ಮಕ್ಕಳ ಕೈಗೆ ಗುಂಡಿರುವ ಗನ್ ಸಿಗುವ ಹಾಗೆ ಬಿಟ್ಟು, ಅದು ಅವರ ಕೈಗೆ ಸಿಕ್ಕರೆ ಅಪರಾಧ. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಅನ್ನುವ ಕಾರ್ಯಕ್ರಮದಲ್ಲಿ ಪೊಲೀಸ್ ಠಾಣೆಗಳ ಮೂಲಕ ಕೇಬಲ್ ಬೀಗ ಪುಕ್ಕಟೆ ಕೊಡುತ್ತಾರೆ. ಬೆಡ್‌ರೂಮಿಗೆ ಬಟನ್ ಒತ್ತಿ ತೆಗೆಯುವ ಚಿಕ್ಕ ಸೇಫ್ ಹಾಕಿ. ಬೀರುವಿನ ಮೇಲೆ, ಸೀರೆ ಕೆಳಗೆ, ಇದೆಲ್ಲಾ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ನಾವು ಲಾಡು ಡಬ್ಬಿ ಹುಡುಕಲಿಲ್ಲವೇ?

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಈ ದೇಶದಲ್ಲಿ ಗನ್ನಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ ಈಗ ಕೊಳ್ಳಬೇಡಿ. ಅಂಥ ಹೊತ್ತಲ್ಲಿ ಫೋನ್ ಮಾಡಲು 988 ಇದೆ.

ಗುರಿಕಾರ:
ಕ್ಲಾಸ್ ಆದ ಮೇಲೆ ಡ್ರೈ ಫೈರ್ ವಿಡಿಯೋ ನೋಡಿ, ಅಂದರೆ ಗುಂಡಿಲ್ಲದೆ ಅಭ್ಯಾಸ. ಖರ್ಚಿಲ್ಲ. ಆದರೆ ‘ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ’ ಅಂತ ಶುರುವಾಗದ ವಿಡಿಯೋ ಬೇಡ. ಅಭ್ಯಾಸ ಮುಗಿಸಿ ಗುಂಡು ತುಂಬಿದ ಮೇಲೆ ‘ಇನ್ನೊಂದೇ ಸಲ’ ಅಂತ ಎಳೆದು ಟಿವಿ ಒಡೆದವರು ಇದ್ದಾರೆ. ನನಗೆ ಗೊತ್ತಿರುವವರೇ ಒಬ್ಬರು. ಯಾರು ಅಂತ ಕೇಳಬೇಡಿ.

ಹೂಸ್ಟನ್_ರಾಯರು:
ಗುರಿಕಾರರೇ, ಟಿವಿ ಎಷ್ಟು ಇಂಚಿನದ್ದು?

ಗುರಿಕಾರ:
55.

ಬೆಣ್ಣೆದೋಸೆ:
ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಸೌಂಡ್ ಆಫ್ ಮಾಡಿ ನೋಡುವುದು ಬಹಳ ಕೆಲಸ ಮಾಡಿತು. ನಾನು ಸೇವ್ ಮಾಡಿಟ್ಟಿದ್ದ 23 ವಿಡಿಯೋದಲ್ಲಿ 14 ಮೊದಲ ಎರಡು ನಿಮಿಷದಲ್ಲೇ ಹೋದವು. ಗಡ್ಡದವರು ಮೂರನೇ ಸೆಕೆಂಡಿಗೇ ಹೋದರು, ನಳಿಗೆ ಸೀದಾ ಕ್ಯಾಮೆರಾಕ್ಕೆ. ಉಳಿದದ್ದರಲ್ಲಿ ಎರಡು ರಿವಾಲ್ವರ್‌ದ್ದು. ಒಂದು ಕ್ಯಾಲಿಫೋರ್ನಿಯಾ ಕಾನೂನಿನದ್ದು. ಕಡೆಗೆ ಐದು ಇಟ್ಟುಕೊಂಡಿದ್ದೇನೆ: ಖಾಲಿ ಮಾಡುವುದು, ಹಿಡಿತ, ಡ್ರೈ ಫೈರ್, ಸೇಫ್, ಟೆಕ್ಸಾಸ್ ಕಾನೂನು.

ಇಬ್ಬರೂ ಒಂದು ದಿನದ ಕ್ಲಾಸಿಗೆ ಹೋಗಿ ಬಂದೆವು. ನನ್ನ ಹೆಂಡತಿ ಬಲಗೈಯವಳು, ಆದರೆ ಗುರಿ ನೋಡುವಾಗ ಎಡಗಣ್ಣಿನದೇ ಮೇಲುಗೈ ಅಂತ ಅಲ್ಲಿ ಗೊತ್ತಾಯಿತು. ಅದಕ್ಕೇ ಅವಳ ಗುಂಡುಗಳೆಲ್ಲ ಒಂದೇ ಪಕ್ಕಕ್ಕೆ ಹೋಗುತ್ತಿದ್ದವು. ಟೀಚರ್ ಪಿಸ್ತೂಲನ್ನು ಒಂದು ಚೂರು ಎಡಕ್ಕೆ ತರಿಸಿದರು, ಸರಿ ಹೋಯಿತು. ಇದನ್ನು ಯಾವ ವಿಡಿಯೋ ಹೇಳುತ್ತಿತ್ತು? ಅವಳು ನನಗಿಂತ ಚೆನ್ನಾಗಿ ಹೊಡೆದಳು. ಅದನ್ನು ಅವಳ ತಮ್ಮನಿಗೆ, ಅವರಮ್ಮನಿಗೆ, ಪಕ್ಕದ ಮನೆಯವರಿಗೆ ಆಗಲೇ ಹೇಳಿ ಆಗಿದೆ.

ಮನೆಗೆ ಬಂದ ತಕ್ಷಣ ಮಗಳು ಓಡಿ ಬಂದು ತಬ್ಬಿಕೊಳ್ಳಲು ನೋಡಿದಳು. ಬಟ್ಟೆಯಲ್ಲಿ, ಕೈಯಲ್ಲಿ ಸೀಸದ ಪುಡಿ ಇರುತ್ತದೆ, ಮೊದಲು ತಣ್ಣೀರಿನಲ್ಲಿ ಸೋಪು ಹಾಕಿ ತೊಳೆದು ಬಟ್ಟೆ ಬದಲಿಸಿ ಅಂತ ಟೀಚರ್ ಹೇಳಿದ್ದರು. ಮೈಲಿಗೆ ಆದವರ ಹಾಗೆ ಇಬ್ಬರೂ ಸೀದಾ ಬಚ್ಚಲಿಗೆ ಓಡಿದೆವು.

ಪಿಸ್ತೂಲು ಇನ್ನೂ ಕೊಂಡಿಲ್ಲ. ಸೇಫ್ ಬಂದಿದೆ, ಗೋಡೆಗೆ ಬೋಲ್ಟ್ ಹಾಕಬೇಕು. ಬಾಗಿಲಿಗೆ ಮೂರು ಇಂಚಿನ ಸ್ಕ್ರೂ ಹಾಕಿಸಿದೆ. ಮೇಷ್ಟ್ರೇ, ಮಗಳು ಈಗ ನಾಯಿ ಬೇಕು ಅಂತ ಹಟ ಹಿಡಿದಿದ್ದಾಳೆ. ನಿಮ್ಮ ಕಾಮೆಂಟನ್ನು ನನ್ನ ಹೆಂಡತಿ ಓದಿ ಹೇಳಿದಳು.

ಮೈಸೂರು_ಮೇಷ್ಟ್ರು:
ಮುಧೋಳ ತಳಿ ಸಿಗುತ್ತದಾ ಅಲ್ಲಿ?